ಅನಿಲ ನಿಯಮಗಳ ಲೆಕ್ಕಕ್ಕೆ ಒಂದೇ ಸೂತ್ರ ಸಾಕು

ಅನಿಲ ನಿಯಮಗಳ ಪಾಠ ತೆರೆದರೆ ಸೂತ್ರಗಳ ಸಾಲೇ ಬರುತ್ತದೆ. ಬಾಯ್ಲ್ ಅವರದು ಒಂದು, ಚಾರ್ಲ್ಸ್ ಅವರದು ಇನ್ನೊಂದು, ಗೇ-ಲುಸಾಕ್, ಅವೊಗಾಡ್ರೊ, ಆಮೇಲೆ ಎಲ್ಲವನ್ನೂ ಸೇರಿಸಿದ ಸಂಯುಕ್ತ ಸೂತ್ರ. ತುಂಬ ಜನ ಇವನ್ನೆಲ್ಲ ಬಾಯಿಪಾಠ ಮಾಡಿಕೊಳ್ಳುತ್ತಾರೆ, ಲೆಕ್ಕ ಕಣ್ಣಿಗೆ ಬಿದ್ದ ಕೂಡಲೇ ಇದಕ್ಕೆ ಯಾವುದನ್ನು ಹಾಕಲಿ ಅಂತ ಹುಡುಕಲು ಶುರು ಮಾಡುತ್ತಾರೆ. ನನ್ನ ಪ್ರಕಾರ ದಾರಿ ತಪ್ಪುವುದು ಅಲ್ಲೇ. ನೆನಪಿನಲ್ಲಿ ಇರಬೇಕಾದದ್ದು ಇದೊಂದೇ:

ಪಿವಿ = ಎನ್‌ಆರ್‌ಟಿ

ಪಿ ಅಂದರೆ ಒತ್ತಡ, ವಿ ಅಂದರೆ ಗಾತ್ರ, ಎನ್ ಅಂದರೆ ಎಷ್ಟು ಮೋಲ್ ಅನಿಲ ಇದೆ ಅನ್ನುವುದು (ಮೋಲ್ ಅಂದರೆ ಅಣುಗಳ ಸಂಖ್ಯೆ ಎಣಿಸುವ ಅಳತೆ), ಟಿ ಅಂದರೆ ತಾಪಮಾನ (ಯಾವಾಗಲೂ ಕೆಲ್ವಿನ್‌ನಲ್ಲಿ), ಆರ್ ಅಂದರೆ ಅನಿಲ ಸ್ಥಿರಾಂಕ. ಬಾಯ್ಲ್ 1662ರಲ್ಲಿ ಒತ್ತಡ ಮತ್ತು ಗಾತ್ರದ ಸಂಬಂಧ ಪ್ರಕಟಿಸಿದರು. ಗೇ-ಲುಸಾಕ್ 1802ರಲ್ಲಿ ಗಾತ್ರ ಮತ್ತು ತಾಪಮಾನದ ಸಂಬಂಧ ಪ್ರಕಟಿಸಿ, ಚಾರ್ಲ್ಸ್ ಇದನ್ನು ಮೊದಲೇ ಗಮನಿಸಿದ್ದರು ಅಂತ ಹೇಳಿದರು. 1811ರಲ್ಲಿ ಅವೊಗಾಡ್ರೊ ಅಣುಗಳ ಸಂಖ್ಯೆಯ ಮಾತು ತಂದರು. 1834ರಲ್ಲಿ ಕ್ಲಾಪೆರಾನ್ ಹಳೆಯ ನಿಯಮಗಳನ್ನು ಒಂದೇ ಸಮೀಕರಣಕ್ಕೆ ತಂದರು. ಅಂದರೆ ಬಿಡಿ ಬಿಡಿ ನಿಯಮಗಳನ್ನು ಒಟ್ಟುಗೂಡಿಸುವ ಕೆಲಸ ಯಾವತ್ತೋ ಮುಗಿದಿದೆ. ನಾವು ಅದನ್ನು ಮತ್ತೆ ಬಿಡಿ ಮಾಡಿ ಉರು ಹೊಡೆಯುವ ಅಗತ್ಯ ಇಲ್ಲ.

ಹಾಗಾದರೆ ಲೆಕ್ಕ ಮಾಡುವುದು ಹೇಗೆ? ಅನಿಲದ ಸ್ಥಿತಿ ಬದಲಾಗುವ ಲೆಕ್ಕ ಬಂದಾಗ ಸೂತ್ರವನ್ನು ಹೀಗೆ ತಿರುಗಿಸಿ ಬರೆಯಿರಿ:

ಪಿ1 × ವಿ1 ÷ (ಎನ್1 × ಟಿ1) = ಪಿ2 × ವಿ2 ÷ (ಎನ್2 × ಟಿ2)

ಎರಡೂ ಕಡೆ ಇರುವುದು ಆರ್‌ನ ಬೆಲೆಯೇ, ಅದು ಬದಲಾಗುವುದಿಲ್ಲ. ಈಗ ಪ್ರಶ್ನೆಯನ್ನು ಮತ್ತೆ ಓದಿ, ಯಾವುದು ಬದಲಾಗಿಲ್ಲವೋ ಅದನ್ನು ಎರಡೂ ಕಡೆಯಿಂದ ಹೊಡೆದು ಹಾಕಿ. ಉಳಿದದ್ದೇ ನಿಮಗೆ ಬೇಕಾದ ಸೂತ್ರ. ತಾಪಮಾನ, ಮೋಲ್ ಎರಡೂ ಬದಲಾಗದಿದ್ದರೆ ಪಿ1 × ವಿ1 = ಪಿ2 × ವಿ2 ಉಳಿಯುತ್ತದೆ, ಅದೇ ಬಾಯ್ಲ್ ನಿಯಮ. ಅದರ ಹೆಸರು ಆ ಹೊತ್ತಿಗೆ ನೆನಪಾಗದಿದ್ದರೂ ಲೆಕ್ಕ ನಿಲ್ಲುವುದಿಲ್ಲ.

ಯಾವುದು ಬದಲಾಗಿಲ್ಲ ಅನ್ನುವುದನ್ನು ಪ್ರಶ್ನೆ ಎಷ್ಟೋ ಸಲ ನೇರವಾಗಿ ಹೇಳುವುದಿಲ್ಲ, ಪಾತ್ರೆಯ ವರ್ಣನೆಯಲ್ಲಿ ಅಡಗಿಸಿರುತ್ತದೆ. ಮುಚ್ಚಿದ ಉಕ್ಕಿನ ಸಿಲಿಂಡರ್ ಅಂದರೆ ಗಾತ್ರವೂ ಮೋಲ್ ಸಂಖ್ಯೆಯೂ ಸ್ಥಿರ. ಸರಾಗವಾಗಿ ಜಾರುವ ಪಿಸ್ಟನ್ ಇದ್ದು, ಅದರ ಮೇಲಿನ ಹೊರೆ ಬದಲಾಗದಿದ್ದರೆ ಒತ್ತಡ ಸ್ಥಿರ. ಬಾಯಿ ತೆರೆದ ಪಾತ್ರೆ ಅಂದರೆ ಒತ್ತಡವೂ ಗಾತ್ರವೂ ಸ್ಥಿರ, ಆದರೆ ಅನಿಲ ಹೊರಗೆ ಹೋಗಬಹುದು, ಆದ್ದರಿಂದ ಮೋಲ್ ಸಂಖ್ಯೆ ಬದಲಾಗುತ್ತದೆ. ಈ ಕೊನೆಯದನ್ನು ಸ್ವಲ್ಪ ನಿಂತು ಯೋಚಿಸಿ, ಮುಂದೆ ಅದರದ್ದೇ ಒಂದು ಲೆಕ್ಕ ಬರುತ್ತದೆ.

ಮೊದಲು ಒಂದು ಸುಲಭದ್ದು. 1.2 ಅಟ್ಮಾಸ್ಫಿಯರ್ ಒತ್ತಡದಲ್ಲಿ 2.5 ಲೀಟರ್ ಅನಿಲ ಇದೆ. ತಾಪಮಾನ ಬದಲಿಸದೆ ಅದನ್ನು 0.8 ಲೀಟರ್‌ಗೆ ಅದುಮಿದರೆ ಒತ್ತಡ ಎಷ್ಟು? ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಒಂದು ಮಾತು ಹೇಳಿಕೊಳ್ಳಿ: ಜಾಗ ಕಡಿಮೆಯಾಯಿತು, ಹಾಗಾಗಿ ಒತ್ತಡ ಹೆಚ್ಚಾಗಲೇಬೇಕು. ಜಾಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿದೆ, ಹಾಗಾದರೆ ಒತ್ತಡ ಸುಮಾರು ಮೂರು ಪಟ್ಟು ಆಗಬೇಕು. ಈಗ ಲೆಕ್ಕ: 1.2 × 2.5 ÷ 0.8 = 3.75 ಅಟ್ಮಾಸ್ಫಿಯರ್. ಅಂದಾಜಿಗೆ ಹೊಂದುತ್ತದೆ ಅಲ್ವಾ? ಎಲ್ಲೋ ಭಾಗಿಸುವ ಬದಲು ಗುಣಿಸಿ 2.4 ಅಂತ ಉತ್ತರ ಬಂದಿದ್ದರೆ, ಎರಡು ಪಟ್ಟು ಮಾತ್ರ ಆಯಿತಲ್ಲ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಈ ಅಂದಾಜಿನ ಹೆಜ್ಜೆಯನ್ನು ಬಿಡಬೇಡಿ. ಅರ್ಧ ನಿಮಿಷದ ಕೆಲಸ, ಆದರೆ ಅನಿಲ ನಿಜವಾಗಿ ಏನು ಮಾಡುತ್ತಿದೆ ಅಂತ ನೀವು ಯೋಚಿಸುವುದು ಆ ಅರ್ಧ ನಿಮಿಷದಲ್ಲೇ.

ಕೆಲ್ವಿನ್ ಯಾಕೆ ಬೇಕು

ಅನಿಲದ ಲೆಕ್ಕಗಳಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ಇರೋಣ.

27 ಡಿಗ್ರಿ ಸೆಲ್ಸಿಯಸ್‌ನಲ್ಲಿ 600 ಮಿಲಿಲೀಟರ್ ಇರುವ ಅನಿಲವನ್ನು ಅದೇ ಒತ್ತಡದಲ್ಲಿ 127 ಡಿಗ್ರಿಗೆ ಬಿಸಿ ಮಾಡಿದರೆ ಗಾತ್ರ ಎಷ್ಟಾಗುತ್ತದೆ? ಒತ್ತಡವನ್ನೂ ಮೋಲ್ ಸಂಖ್ಯೆಯನ್ನೂ ಹೊಡೆದು ಹಾಕಿದರೆ ವಿ1 ÷ ಟಿ1 = ವಿ2 ÷ ಟಿ2 ಉಳಿಯುತ್ತದೆ. 27 ಮತ್ತು 127 ಅನ್ನು ಹಾಗೇ ಹಾಕಿದರೆ ಸುಮಾರು 2822 ಮಿಲಿಲೀಟರ್ ಬರುತ್ತದೆ. ನೂರು ಡಿಗ್ರಿ ಬಿಸಿ ಮಾಡಿದ್ದಕ್ಕೆ ಅನಿಲ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ ಆಯಿತು ಅಂದರೆ ನಂಬುವ ಮಾತಲ್ಲ. ಕೆಲ್ವಿನ್‌ಗೆ ಬದಲಿಸಿದರೆ 27 ಡಿಗ್ರಿ 300 ಆಗುತ್ತದೆ, 127 ಡಿಗ್ರಿ 400 ಆಗುತ್ತದೆ. ಉತ್ತರ 600 × 400 ÷ 300 = 800 ಮಿಲಿಲೀಟರ್.

273 ಕೂಡಿಸಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ. ಕಾರಣ ಇಷ್ಟೇ. ಸೂತ್ರದಲ್ಲಿ ನಾವು ಮಾಡುತ್ತಿರುವುದು ಅನುಪಾತದ ಲೆಕ್ಕ, ಅಂದರೆ ಇದು ಅದರ ಎಷ್ಟು ಪಟ್ಟು ಅನ್ನುವ ಲೆಕ್ಕ. ಪಟ್ಟು ಅನ್ನುವ ಮಾತಿಗೆ ಅರ್ಥ ಬರಬೇಕಾದರೆ ಸೊನ್ನೆ ಅಂದರೆ ನಿಜವಾಗಿಯೂ ಸೊನ್ನೆಯೇ ಆಗಿರಬೇಕು. ಸೆಲ್ಸಿಯಸ್‌ನ ಸೊನ್ನೆ ಬರೀ ನೀರು ಹೆಪ್ಪುಗಟ್ಟುವ ಗುರುತು. ಅಲ್ಲಿಯೂ ಅನಿಲದ ಅಣುಗಳು ಜೋರಾಗಿ ಓಡಾಡುತ್ತಲೇ ಇರುತ್ತವೆ. ಒತ್ತಡ ಬದಲಿಸದೆ ಅನಿಲವನ್ನು ತಣ್ಣಗೆ ಮಾಡುತ್ತಾ ಹೋದರೆ, ಪ್ರತಿ ಒಂದು ಡಿಗ್ರಿಗೆ, ಸೊನ್ನೆ ಡಿಗ್ರಿಯಲ್ಲಿ ಅದರ ಗಾತ್ರ ಎಷ್ಟಿತ್ತೋ ಅದರ ಸುಮಾರು 273ನೇ ಒಂದು ಭಾಗ ಕುಗ್ಗುತ್ತದೆ. ಆ ಗೆರೆಯನ್ನು ಗ್ರಾಫ್ ಮೇಲೆ ಹಿಂದಕ್ಕೆ ಎಳೆದರೆ −273.15 ಡಿಗ್ರಿಯಲ್ಲಿ ಗಾತ್ರ ಸೊನ್ನೆ ಮುಟ್ಟುತ್ತದೆ. ನಿಜವಾದ ಅನಿಲ ಅದಕ್ಕೂ ಮೊದಲೇ ದ್ರವವಾಗುತ್ತದೆ, ಆ ಮಾತು ಬೇರೆ. ಆದರೆ ಅನಿಲದ ಲೆಕ್ಕಕ್ಕೆ ತಾಪಮಾನ ಎಣಿಸಲು ಶುರು ಮಾಡಬೇಕಾದ ಜಾಗ ಅದೇ. ಕೆಲ್ವಿನ್ ಅಳತೆ ಅಲ್ಲಿಂದಲೇ ಶುರುವಾಗುತ್ತದೆ.

ಇದು ಅರ್ಥವಾದರೆ ಇನ್ನೊಂದು ಗೊಂದಲ ತಾನಾಗಿ ಹೋಗುತ್ತದೆ. ಒತ್ತಡವನ್ನು ಎರಡೂ ಕಡೆ ಪಾದರಸದ ಮಿಲಿಮೀಟರ್‌ನಲ್ಲೇ ಇಟ್ಟುಕೊಂಡರೆ ಉತ್ತರ ಸರಿ ಬರುತ್ತದೆ, ತಾಪಮಾನವನ್ನು ಎರಡೂ ಕಡೆ ಸೆಲ್ಸಿಯಸ್‌ನಲ್ಲೇ ಇಟ್ಟುಕೊಂಡರೆ ಮಾತ್ರ ಯಾಕೆ ತಪ್ಪಾಗುತ್ತದೆ? ಯಾಕೆಂದರೆ ಅಟ್ಮಾಸ್ಫಿಯರ್‌ನಿಂದ ಪಾದರಸದ ಮಿಲಿಮೀಟರ್‌ಗೆ ಹೋಗಲು 760ರಿಂದ ಗುಣಿಸುತ್ತೇವೆ. ಗುಣಿಸಿದ್ದು ಎರಡೂ ಕಡೆ ಹೊಡೆದು ಹೋಗುತ್ತದೆ. ಸೆಲ್ಸಿಯಸ್‌ನಿಂದ ಕೆಲ್ವಿನ್‌ಗೆ ಹೋಗಲು ಕೂಡಿಸುತ್ತೇವೆ. ಕೂಡಿಸಿದ್ದು ಹೊಡೆದು ಹೋಗುವುದಿಲ್ಲ.

ಟೈರ್ ಲೆಕ್ಕದಲ್ಲೂ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಟೈರ್‌ಗೆ ಗಾಳಿ ಹಾಕುವಾಗ ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಅನ್ನುವುದನ್ನು. ಪಂಕ್ಚರ್ ಆಗಿ ಚಪ್ಪಟೆಯಾದ ಟೈರ್‌ಗೆ ಗೇಜ್ ಸೊನ್ನೆ ತೋರಿಸುತ್ತದೆ, ಆದರೆ ಒಳಗೆ ಹೊರಗಿನಷ್ಟೇ ಒತ್ತಡದ ಗಾಳಿ ಇದ್ದೇ ಇದೆ. ಇಲ್ಲೂ ಸೊನ್ನೆ ತಪ್ಪು ಜಾಗದಲ್ಲಿದೆ. 20 ಡಿಗ್ರಿಯಲ್ಲಿ ಗೇಜ್ 2.2 ಬಾರ್ ತೋರಿಸಿದರೆ, ಹೊರಗಿನ ಒತ್ತಡ 1 ಬಾರ್ ಅಂತ ಇಟ್ಟುಕೊಂಡು, ನಿಜವಾದ ಒತ್ತಡ 3.2 ಬಾರ್. ಓಡಿ ಓಡಿ ಟೈರ್ 50 ಡಿಗ್ರಿಗೆ ಬಿಸಿಯಾದರೆ, ಗಾತ್ರ ಹಾಗೇ ಇದೆ ಅಂದುಕೊಂಡು, 3.2 × 323 ÷ 293, ಅಂದರೆ ಸುಮಾರು 3.53 ಬಾರ್. ಅದರಿಂದ ಮತ್ತೆ 1 ಕಳೆದರೆ ಗೇಜ್ ತೋರಿಸುವುದು 2.53 ಬಾರ್. ನೇರವಾಗಿ 2.2 ಅನ್ನೇ ಸೂತ್ರಕ್ಕೆ ಹಾಕಿದ್ದರೆ 2.43 ಬರುತ್ತಿತ್ತು. ನೋಡಲು ತಪ್ಪು ಅನ್ನಿಸದ ತಪ್ಪು ಉತ್ತರ ಇದು, ಅದಕ್ಕೇ ಜಾಸ್ತಿ ಎಚ್ಚರ ಬೇಕು.

ಹೊಡೆದು ಹಾಕುವ ವಿಧಾನದ ಬಲ ಕಾಣುವುದು ಇಲ್ಲಿ

ಈಗ ಆ ಬಾಯಿ ತೆರೆದ ಪಾತ್ರೆ. 27 ಡಿಗ್ರಿಯಲ್ಲಿರುವ ತೆರೆದ ಪಾತ್ರೆಯನ್ನು 127 ಡಿಗ್ರಿಗೆ ಬಿಸಿ ಮಾಡಿದರೆ ಒಳಗಿದ್ದ ಗಾಳಿಯ ಎಷ್ಟು ಭಾಗ ಹೊರಗೆ ಹೋಗುತ್ತದೆ? ಐದು ನಿಯಮ ಬಾಯಿಪಾಠ ಮಾಡಿದವರು ಇಲ್ಲಿ ತಡಕಾಡುತ್ತಾರೆ, ಯಾಕೆಂದರೆ ಈ ಲೆಕ್ಕಕ್ಕೆ ಹೆಸರಿರುವ ನಿಯಮ ಇಲ್ಲ. ನಾವು ಉದ್ದನೆಯ ಸೂತ್ರವನ್ನೇ ಬರೆಯೋಣ. ಒತ್ತಡ ಹೊರಗಿನ ಗಾಳಿಯದ್ದೇ, ಹೊಡೆದು ಹಾಕಿ. ಪಾತ್ರೆಯ ಗಾತ್ರ ಬದಲಾಗಿಲ್ಲ, ಅದನ್ನೂ ಹೊಡೆದು ಹಾಕಿ. ಉಳಿಯುವುದು:

ಎನ್1 × ಟಿ1 = ಎನ್2 × ಟಿ2

ಎನ್2 ÷ ಎನ್1 = 300 ÷ 400 = 0.75. ಮುಕ್ಕಾಲು ಭಾಗ ಒಳಗೆ ಉಳಿಯಿತು. ಹೊರಗೆ ಹೋದದ್ದು ಕಾಲು ಭಾಗ. ಪ್ರಶ್ನೆ ಕೇಳಿದ್ದು ಹೊರಗೆ ಹೋದದ್ದನ್ನು, ಆದ್ದರಿಂದ 0.75 ಅಂತ ಬರೆದು ಮುಂದಿನ ಪ್ರಶ್ನೆಗೆ ಹಾರಬೇಡಿ.

ಒತ್ತಡ, ಗಾತ್ರ, ತಾಪಮಾನ ಮೂರೂ ಬದಲಾಗುವ ಲೆಕ್ಕವೂ ಕಷ್ಟವಲ್ಲ. 17 ಡಿಗ್ರಿ ಮತ್ತು 750 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ 2 ಲೀಟರ್ ಇರುವ ಅನಿಲ, 0 ಡಿಗ್ರಿ ಮತ್ತು 760 ಮಿಲಿಮೀಟರ್‌ನಲ್ಲಿ ಎಷ್ಟಿರುತ್ತದೆ? ತಣ್ಣಗಾದರೆ ಕುಗ್ಗುತ್ತದೆ. ಒತ್ತಡ ಹೆಚ್ಚಿದರೂ ಕುಗ್ಗುತ್ತದೆ. ಉತ್ತರ 2 ಲೀಟರ್‌ಗಿಂತ ಕಡಿಮೆ ಇರಲೇಬೇಕು. ಈ ಎರಡು ಮಾತನ್ನೇ ಗುಣಾಕಾರವಾಗಿ ಬರೆಯಬಹುದು: 2 × (273 ÷ 290) × (750 ÷ 760). ಎರಡೂ ಭಿನ್ನರಾಶಿ ಒಂದಕ್ಕಿಂತ ಕಡಿಮೆ ಇರುವಂತೆ ಬರೆದಿದ್ದೇವೆ, ಯಾಕೆಂದರೆ ಎರಡೂ ಕಾರಣ ಗಾತ್ರವನ್ನು ಕುಗ್ಗಿಸುತ್ತವೆ. ಉತ್ತರ ಸುಮಾರು 1.86 ಲೀಟರ್. ಯಾವ ಸಂಖ್ಯೆ ಮೇಲೆ, ಯಾವುದು ಕೆಳಗೆ ಅನ್ನುವ ಅನುಮಾನ ಈ ರೀತಿ ಬರೆದರೆ ಬರುವುದೇ ಇಲ್ಲ. ನನಗೆ ತುಂಬ ಇಷ್ಟವಾದ ವಿಧಾನ ಇದು.

ಆರ್‌ಗೆ ಯಾವ ಬೆಲೆ ಹಾಕಬೇಕು

ಮೊದಲು, ಆಮೇಲೆ ಅನ್ನುವ ಎರಡು ಸ್ಥಿತಿ ಇಲ್ಲದೆ ಒಂದೇ ಸ್ಥಿತಿ ಕೊಟ್ಟಿದ್ದರೆ, ಅಥವಾ ಗ್ರಾಂ, ಮೋಲ್ ಅನ್ನುವ ಮಾತು ಬಂದರೆ, ಪಿವಿ = ಎನ್‌ಆರ್‌ಟಿಯನ್ನು ಹಾಗೇ ಬಳಸಬೇಕು. ಆಗ ಆರ್‌ನ ಬೆಲೆ ಬೇಕು. ಒತ್ತಡ ಅಟ್ಮಾಸ್ಫಿಯರ್‌ನಲ್ಲಿ, ಗಾತ್ರ ಲೀಟರ್‌ನಲ್ಲಿ ಇದ್ದರೆ 0.0821. ಬಾರ್ ಮತ್ತು ಲೀಟರ್ ಆದರೆ 0.0831. ಕಿಲೋಪ್ಯಾಸ್ಕಲ್ ಮತ್ತು ಲೀಟರ್ ಆದರೆ 8.314, ಪ್ಯಾಸ್ಕಲ್ ಮತ್ತು ಘನ ಮೀಟರ್ ಆದರೂ ಅದೇ 8.314. ಒಂದು ಅಟ್ಮಾಸ್ಫಿಯರ್ ಅಂದರೆ 760 ಮಿಲಿಮೀಟರ್ ಪಾದರಸ, 101.325 ಕಿಲೋಪ್ಯಾಸ್ಕಲ್, 1.01325 ಬಾರ್. ಆರ್‌ನ ಒಂದೇ ಬೆಲೆ ನೆನಪಿಟ್ಟುಕೊಂಡು, ಪ್ರಶ್ನೆಯಲ್ಲಿರುವ ಸಂಖ್ಯೆಗಳನ್ನೇ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಸಲಹೆ.

4.4 ಗ್ರಾಂ ಕಾರ್ಬನ್ ಡೈಆಕ್ಸೈಡ್ 2 ಲೀಟರ್ ಪಾತ್ರೆಯಲ್ಲಿ 27 ಡಿಗ್ರಿಯಲ್ಲಿದೆ, ಒತ್ತಡ ಎಷ್ಟು? ಇದರ ಒಂದು ಮೋಲ್ 44 ಗ್ರಾಂ ತೂಗುತ್ತದೆ, ಹಾಗಾಗಿ 4.4 ಗ್ರಾಂ ಅಂದರೆ 0.1 ಮೋಲ್. ಪಿ = 0.1 × 0.0821 × 300 ÷ 2 = 1.23 ಅಟ್ಮಾಸ್ಫಿಯರ್. ನಂಬಿಕೆ ಬರದಿದ್ದರೆ 8.314 ಹಾಕಿ ನೋಡಿ, 124.7 ಕಿಲೋಪ್ಯಾಸ್ಕಲ್ ಬರುತ್ತದೆ, ಅದನ್ನು 101.325ರಿಂದ ಭಾಗಿಸಿದರೆ ಅದೇ 1.23.

22.4 ಲೀಟರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 0 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಒಂದು ಮೋಲ್ ಅನಿಲದ ಗಾತ್ರ 22.4 ಲೀಟರ್. ಆದರೆ 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ, ಎಸ್‌ಟಿಪಿಯ (ಅಂದರೆ ಹೋಲಿಕೆಗೆ ಇಟ್ಟುಕೊಳ್ಳುವ ಪ್ರಮಾಣಿತ ತಾಪಮಾನ ಮತ್ತು ಒತ್ತಡದ) ಒತ್ತಡವನ್ನು 1 ಬಾರ್ ಅಂತ ಬದಲಿಸಿತು. ಆ ಲೆಕ್ಕದಲ್ಲಿ 22.7 ಲೀಟರ್ ಬರುತ್ತದೆ. ನಿಮ್ಮ ಪುಸ್ತಕ ಯಾವುದನ್ನು ಹಿಡಿದಿದೆ ಅಂತ ನೋಡಿಕೊಳ್ಳಿ. ಮತ್ತೆ ದಯವಿಟ್ಟು 25 ಡಿಗ್ರಿ, 27 ಡಿಗ್ರಿ ಇರುವ ಲೆಕ್ಕಕ್ಕೆ ಸುಮ್ನೆ 22.4 ಹಾಕಬೇಡಿ.

ಇದೇ ಸೂತ್ರದಿಂದ ಗೊತ್ತಿಲ್ಲದ ಅನಿಲದ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್‌ನ ತೂಕ, ಕಂಡುಹಿಡಿಯಬಹುದು. ಒಂದು ಅನಿಲ 27 ಡಿಗ್ರಿ, 0.92 ಅಟ್ಮಾಸ್ಫಿಯರ್‌ನಲ್ಲಿ ಲೀಟರ್‌ಗೆ 1.64 ಗ್ರಾಂ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಇದಕ್ಕೂ ಒಂದು ಬೇರೆ ಸೂತ್ರ ಇದೆ, ಆದರೆ ಅದನ್ನು ನೆನಪಿಡುವ ಬದಲು ಒಂದು ಲೀಟರ್‌ನಲ್ಲಿ ಎಷ್ಟು ಮೋಲ್ ಇದೆ ಅಂತ ನೋಡಿ: 0.92 × 1 ÷ (0.0821 × 300) = 0.03735 ಮೋಲ್. ಇಷ್ಟು ಮೋಲ್ 1.64 ಗ್ರಾಂ ತೂಗಿದರೆ ಒಂದು ಮೋಲ್ 1.64 ÷ 0.03735, ಅಂದರೆ ಸುಮಾರು 43.9 ಗ್ರಾಂ. 44ರ ಹತ್ತಿರ ಬಂತು ಅಂತ ಕೂಡಲೇ ಕಾರ್ಬನ್ ಡೈಆಕ್ಸೈಡ್ ಅಂದುಬಿಡಬೇಡಿ. ನೈಟ್ರಸ್ ಆಕ್ಸೈಡ್ 44, ಪ್ರೊಪೇನ್ ಕೂಡ 44. ಯಾವುದು ಅಂತ ಹೇಳಲು ಇನ್ನೊಂದು ಸುಳಿವು ಬೇಕು.

ರಾಸಾಯನಿಕ ಕ್ರಿಯೆ ಸೇರಿಕೊಂಡಾಗ

ಇಲ್ಲಿ ದಾರಿ ಯಾವಾಗಲೂ ಮೋಲ್ ಮೂಲಕವೇ ಹೋಗುತ್ತದೆ. ಗ್ರಾಂನಿಂದ ಮೋಲ್‌ಗೆ, ಸಮತೋಲನ ಮಾಡಿದ ಸಮೀಕರಣದ ಮೂಲಕ ಅನಿಲದ ಮೋಲ್‌ಗೆ, ಅಲ್ಲಿಂದ ಪಿವಿ = ಎನ್‌ಆರ್‌ಟಿ ಹಿಡಿದು ಗಾತ್ರಕ್ಕೆ.

ಪೊಟ್ಯಾಸಿಯಂ ಕ್ಲೋರೇಟ್ ಕಾಯಿಸಿದರೆ ಪೊಟ್ಯಾಸಿಯಂ ಕ್ಲೋರೈಡ್ ಉಳಿದು ಆಕ್ಸಿಜನ್ ಬರುತ್ತದೆ. ಎರಡು ಮೋಲ್ ಕ್ಲೋರೇಟ್‌ಗೆ ಮೂರು ಮೋಲ್ ಆಕ್ಸಿಜನ್. 12.25 ಗ್ರಾಂ ಪೂರ್ತಿ ವಿಭಜನೆಯಾದರೆ 27 ಡಿಗ್ರಿ, 760 ಮಿಲಿಮೀಟರ್‌ನಲ್ಲಿ ಎಷ್ಟು ಆಕ್ಸಿಜನ್ ಸಿಗುತ್ತದೆ? ಕ್ಲೋರೇಟ್‌ನ ಒಂದು ಮೋಲ್ 122.5 ಗ್ರಾಂ, ಹಾಗಾಗಿ ನಮ್ಮ ಹತ್ತಿರ ಇರುವುದು 0.1 ಮೋಲ್. ಆಕ್ಸಿಜನ್ 0.15 ಮೋಲ್. ಗಾತ್ರ 0.15 × 0.0821 × 300 ÷ 1 = 3.69 ಲೀಟರ್.

ಪ್ರಶ್ನೆಯಲ್ಲಿ "ನೀರಿನ ಮೇಲೆ ಸಂಗ್ರಹಿಸಲಾಯಿತು" ಅಂತ ಇದ್ದರೆ ನಿಲ್ಲಿ. ಆಗ ಜಾಡಿಯೊಳಗೆ ಆಕ್ಸಿಜನ್ ಜೊತೆ ನೀರಿನ ಆವಿಯೂ ಸೇರಿರುತ್ತದೆ, 760 ಮಿಲಿಮೀಟರ್ ಅನ್ನುವುದು ಇಬ್ಬರೂ ಸೇರಿ ಹಾಕುವ ಒತ್ತಡ. 27 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಸುಮಾರು 26.7 ಮಿಲಿಮೀಟರ್. ಆಕ್ಸಿಜನ್ ಪಾಲಿಗೆ ಉಳಿಯುವುದು 733.3 ಮಿಲಿಮೀಟರ್, ಅಂದರೆ 0.965 ಅಟ್ಮಾಸ್ಫಿಯರ್. ಈಗ ಗಾತ್ರ ಸುಮಾರು 3.83 ಲೀಟರ್. ಮೊದಲಿಗಿಂತ ಜಾಸ್ತಿ ಬಂತು, ಬರಲೇಬೇಕು, ಆಕ್ಸಿಜನ್ ಅಷ್ಟೇ ಇದ್ದರೂ ಅದರ ಒತ್ತಡ ಕಡಿಮೆಯಾಗಿದೆ.

ಇದರ ಹಿಂದೆ ಇರುವುದು ಡಾಲ್ಟನ್ ಅವರ ಆಂಶಿಕ ಒತ್ತಡದ ನಿಯಮ. ಒಂದೇ ಪಾತ್ರೆಯಲ್ಲಿರುವ, ಪರಸ್ಪರ ವರ್ತಿಸದ ಅನಿಲಗಳು ತಮ್ಮ ತಮ್ಮ ಮೋಲ್‌ಗೆ ತಕ್ಕಷ್ಟು ಒತ್ತಡ ಹಾಕುತ್ತವೆ, ಪಕ್ಕದಲ್ಲಿ ಇನ್ನೊಂದು ಅನಿಲ ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. 10 ಲೀಟರ್ ಪಾತ್ರೆಯಲ್ಲಿ 27 ಡಿಗ್ರಿಯಲ್ಲಿ 3.2 ಗ್ರಾಂ ಆಕ್ಸಿಜನ್, 5.6 ಗ್ರಾಂ ನೈಟ್ರೋಜನ್ ಇದ್ದರೆ ಮೋಲ್ ಲೆಕ್ಕದಲ್ಲಿ 0.1 ಮತ್ತು 0.2. ಒಟ್ಟು 0.3 ಮೋಲ್, ಒಟ್ಟು ಒತ್ತಡ 0.739 ಅಟ್ಮಾಸ್ಫಿಯರ್. ಆಕ್ಸಿಜನ್ ಪಾಲು ಅದರ ಮೂರನೇ ಒಂದು, 0.246. ಉಳಿದ 0.493 ನೈಟ್ರೋಜನ್‌ದು. ಪಾಲು ಹಂಚುವುದು ಗ್ರಾಂ ಪ್ರಕಾರ ಅಲ್ಲ, ಮೋಲ್ ಪ್ರಕಾರ. ಆಕ್ಸಿಜನ್, ನೈಟ್ರೋಜನ್ ಎರಡರಲ್ಲೂ ಅಣುವಿಗೆ ಎರಡು ಪರಮಾಣು ಅನ್ನುವುದನ್ನೂ ಮರೆಯಬೇಡಿ, 16 ಮತ್ತು 14ರಿಂದ ಭಾಗಿಸಿದರೆ ಮೋಲ್ ಇಮ್ಮಡಿಯಾಗಿಬಿಡುತ್ತದೆ.

ಎರಡು ಪಾತ್ರೆಗಳ ನಡುವಿನ ನಲ್ಲಿ ತಿರುಗಿಸುವ ಲೆಕ್ಕವೂ ಇದೇ ಜಾತಿಯದು. 3 ಲೀಟರ್ ಪಾತ್ರೆಯಲ್ಲಿ 2 ಅಟ್ಮಾಸ್ಫಿಯರ್, 2 ಲೀಟರ್ ಪಾತ್ರೆಯಲ್ಲಿ 5 ಅಟ್ಮಾಸ್ಫಿಯರ್, ತಾಪಮಾನ ಎರಡಕ್ಕೂ ಒಂದೇ. ಮೋಲ್‌ಗಳು ಎಲ್ಲೂ ಹೋಗುವುದಿಲ್ಲ, ಬರೀ ಹರಡಿಕೊಳ್ಳುತ್ತವೆ. ತಾಪಮಾನ ಒಂದೇ ಇರುವುದರಿಂದ ಮೋಲ್ ಬದಲು ಪಿ × ವಿ ಕೂಡಿಸಿದರೆ ಸಾಕು: (6 + 10) ÷ 5 = 3.2 ಅಟ್ಮಾಸ್ಫಿಯರ್. ಉತ್ತರ 2 ಮತ್ತು 5ರ ನಡುವೆ ಇರಬೇಕು, ಇದೆ. ಎರಡರ ಸರಾಸರಿ 3.5 ಅಂತ ಬರೆಯುವವರು ಗಾತ್ರಗಳು ಬೇರೆ ಬೇರೆ ಅನ್ನುವುದನ್ನು ಮರೆತಿರುತ್ತಾರೆ.

ಇವೆಲ್ಲ ಆದರ್ಶ ಅನಿಲದ ಲೆಕ್ಕ. ಅಣುಗಳಿಗೆ ಗಾತ್ರವೇ ಇಲ್ಲ, ಒಂದಕ್ಕೊಂದು ಸೆಳೆಯುವುದೂ ಇಲ್ಲ ಅಂತ ಇಟ್ಟುಕೊಂಡು ಮಾಡಿದ್ದು. ಸಾಧಾರಣ ಒತ್ತಡ, ಸಾಧಾರಣ ತಾಪಮಾನದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒತ್ತಡ ತುಂಬ ಏರಿದಾಗ, ಅಥವಾ ಅನಿಲ ದ್ರವವಾಗುವಷ್ಟು ತಣ್ಣಗಾದಾಗ ಹೊಂದುವುದಿಲ್ಲ. ಅದಕ್ಕೆ 1873ರಲ್ಲಿ ವಾನ್ ಡರ್ ವಾಲ್ಸ್ ಸೂತ್ರಕ್ಕೆ ಎರಡು ತಿದ್ದುಪಡಿ ಸೇರಿಸಿದರು. ಪ್ರಶ್ನೆಯಲ್ಲಿ ಎ ಮತ್ತು ಬಿ ಅನ್ನುವ ಸ್ಥಿರಾಂಕಗಳನ್ನು ಕೊಟ್ಟಿದ್ದರೆ ಮಾತ್ರ ಆ ಕಡೆ ಹೋಗಿ.

ಕೊನೆಗೆ ಒಂದನ್ನು ನೀವೇ ಮಾಡಿ ನೋಡಿ. 12 ಲೀಟರ್ ಸಿಲಿಂಡರ್‌ನಲ್ಲಿ 10 ಅಟ್ಮಾಸ್ಫಿಯರ್ ಒತ್ತಡದ ಹೀಲಿಯಂ ಇದೆ. ಅದೇ ತಾಪಮಾನದಲ್ಲಿ, 1 ಅಟ್ಮಾಸ್ಫಿಯರ್ ಒತ್ತಡಕ್ಕೆ, 2 ಲೀಟರ್‌ನ ಎಷ್ಟು ಬಲೂನ್ ತುಂಬಬಹುದು? 1 ಅಟ್ಮಾಸ್ಫಿಯರ್‌ಗೆ ಇಳಿದರೆ ಹೀಲಿಯಂ 120 ಲೀಟರ್ ಆಗುತ್ತದೆ, ಅದನ್ನು 2ರಿಂದ ಭಾಗಿಸಿ 60 ಅಂತ ಹೇಳುವ ಮೊದಲು ಸಿಲಿಂಡರ್ ಕಡೆ ಒಮ್ಮೆ ನೋಡಿ. ಒಳಗಿನ ಒತ್ತಡ 1 ಅಟ್ಮಾಸ್ಫಿಯರ್‌ಗೆ ಇಳಿದ ಮೇಲೆ ಅನಿಲ ತಾನಾಗಿ ಹೊರಗೆ ಬರುವುದಿಲ್ಲ. ಆ ಹೊತ್ತಿಗೆ ಸಿಲಿಂಡರ್‌ನಲ್ಲೇ 12 ಲೀಟರ್ ಉಳಿದಿರುತ್ತದೆ. ಬಲೂನ್‌ಗೆ ಸಿಗುವುದು 108 ಲೀಟರ್, ಉತ್ತರ 54.